ಮಣ್ಣಿನ ಹಕ್ಕಿಗೆ ಈಡು: ಪುಣೆಯಲ್ಲಿದ್ದುಕೊಂಡು ಕ್ಲೇ ಪಿಜನ್ ತರಬೇತಿಗೆ ಹೋಗುವವರಿಗೆ

ಕ್ಲೇ ಪಿಜನ್ ತರಬೇತಿಗೆ ಹೆಸರು ಹಚ್ಚಿದೀನಿ ಅಂತ ಫೋನಿನಲ್ಲಿ ಹೇಳಿದಾಗ ಬಾಗಲಕೋಟೆಯಿಂದ ಅವ್ವ ಕೇಳಿದ್ದು ಒಂದೇ ಮಾತು: "ಅಲ್ಲೋ ತಮ್ಮಾ, ಪಾರಿವಾಳ ಹೊಡ್ಯಾಕ ರೊಕ್ಕಾ ಕೊಟ್ಟು ಕಲೀಬೇಕಾ?" ಪುಣೆ ಪಕ್ಕದ ವಾಕಡದ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಬಲೆ ಕಟ್ಟಿಸಿದ ಮೇಲೂ ಪಾರಿವಾಳದ ಕಾಟ ತಪ್ಪಿಲ್ಲ. ಎದುರು ಮನೆಯ ಕಾಕು ದಿನಾ ಬೆಳಿಗ್ಗೆ ಕಾಳು ಹಾಕುತ್ತಾರೆ, ನಾವು ದಿನಾ ಬೆಳಿಗ್ಗೆ ಹಿಕ್ಕೆ ತೊಳೆಯುತ್ತೇವೆ. ಹಾಗಾಗಿ ಅವ್ವನ ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಆದರೆ ನಾನು ಹೊರಟಿದ್ದು ಜೀವ ಇರುವ ಹಕ್ಕಿಗಲ್ಲ, ಯಂತ್ರ ಗಾಳಿಗೆ ಎಸೆಯುವ, ಬಂದೂಕಿನಿಂದ ಹೊಡೆದು ಒಡೆಯಬೇಕಾದ ಅಂಗೈಯಗಲದ ಒಂದು ಬಿಲ್ಲೆಗೆ.

ಮೂರು ವಾರಾಂತ್ಯ, ಆರು ಬೆಳಗು. ಕಲಿತದ್ದಕ್ಕಿಂತ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದೇ ಜಾಸ್ತಿ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಹೋದ ರೇಂಜಿನ (ಬಂದೂಕು ಹೊಡೆಯುವ ಮೈದಾನದ) ಹೆಸರು ಹಾಕಿಲ್ಲ. ಅಲ್ಲಿನ ಒಂದೆರಡು ಸಂಗತಿ ನನಗೆ ಸರಿಬರಲಿಲ್ಲ, ಅದನ್ನೂ ಬರೆಯಬೇಕಲ್ಲ.

ಮೊದಲು, ಯಾವ ಹಕ್ಕಿ?

ಪಾರಿವಾಳ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ನಿಜವಾದ ಪಾರಿವಾಳವನ್ನೇ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ಮುಚ್ಚಳ ತೆಗೆದು, ಹಾರಿದಾಗ ಹೊಡೆಯುತ್ತಿದ್ದರು. ಆ ಪೆಟ್ಟಿಗೆಯೇ 'ಟ್ರ್ಯಾಪ್'. ಹಗ್ಗ ಎಳೆಯೋ ಅಂತ ಕೂಗುತ್ತಿದ್ದದ್ದೇ 'ಪುಲ್'. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲೂ ಜೀವಂತ ಪಾರಿವಾಳ ಹೊಡೆಯುವ ಸ್ಪರ್ಧೆ ನಡೆದು, ಬೆಲ್ಜಿಯಂನ ಲಿಯೋನ್ ದ ಲುಂಡೆನ್ 21 ಹಕ್ಕಿ ಉರುಳಿಸಿ ಗೆದ್ದ. ಅದಕ್ಕೂ 20 ವರ್ಷ ಮೊದಲೇ, 1880ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಸುಟ್ಟ ಮಣ್ಣಿನ ಬಿಲ್ಲೆ ಮಾಡಿದ್ದ. ನೀರಿನ ಮೇಲೆ ಹುಡುಗರು ಚಿಪ್ಪು ಬೀಸಿ ಕುಪ್ಪಳಿಸುತ್ತಿದ್ದುದನ್ನು ನೋಡಿ ಅವನಿಗೆ ಹೊಳೆಯಿತು ಅನ್ನೋ ಕತೆ ಇದೆ. ನಮ್ಮ ಕೆರೆ ದಂಡೆಯ ಹುಡುಗರಿಗೂ ಹೊಳೆಯಬಹುದಿತ್ತು, ಬಂದೂಕು ಇರಲಿಲ್ಲ ಅಷ್ಟೆ.

ಈಗಿನ ಬಿಲ್ಲೆಯಲ್ಲಿ ಹೆಸರಿಗೆ ಮಾತ್ರ ಮಣ್ಣು. ಸುಟ್ಟ ಮಣ್ಣು ಗಟ್ಟಿಯಾಗಿ ಚರೆ (ತೋಟಾದೊಳಗಿನ ಸೀಸದ ಸಣ್ಣ ಕಾಳು) ತಾಗಿದರೂ ಒಡೆಯುತ್ತಿರಲಿಲ್ಲವಂತೆ. ಹಾಗಾಗಿ ಈಗ ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಪಿಚ್ಚಿನಲ್ಲಿ ಕಲಸಿ ಅಚ್ಚು ಹಾಕುತ್ತಾರೆ. 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ, ಮೇಲೆ ಕಿತ್ತಳೆ ಬಣ್ಣ. ಬೋರಲು ಹಾಕಿದ ಸಣ್ಣ ತಟ್ಟೆಯ ಹಾಗೆ. ಕೈಯಿಂದ ಬಿದ್ದರೆ ಹಪ್ಪಳದಂತೆ ಚೂರಾಗುತ್ತದೆ, ಆದರೆ ಯಂತ್ರದ ತೋಳು ಬೀಸಿ ಎಸೆದರೂ ಏನೂ ಆಗದೆ ತಿರುಗುತ್ತಾ ಹೋಗುತ್ತದೆ.

ಯಾರಾದರೂ "ನಿಜವಾದ ಪಾರಿವಾಳ ಬಿಟ್ಟು ಕಲಿಸ್ತೀವಿ" ಅಂದರೆ ಅಲ್ಲಿಂದ ಹೊರಡಿ. ಬಂಧನದಲ್ಲಿಟ್ಟ ಪ್ರಾಣಿ-ಪಕ್ಷಿಯನ್ನು ಹೊಡೆಯಲೆಂದೇ ಬಿಡುವ ಸ್ಪರ್ಧೆ ನಡೆಸುವುದೂ ಅದರಲ್ಲಿ ಭಾಗವಹಿಸುವುದೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಅವ್ವನಿಗೆ ಇದನ್ನು ಹೇಳಿದ ಮೇಲೆ ಸಮಾಧಾನವಾಯಿತು. "ಮತ್ತ ತಾಟು ಒಡ್ಯಾಕ ಅಷ್ಟು ದೂರ ಯಾಕ ಹೋಗ್ತಿ" ಅನ್ನುವ ಪ್ರಶ್ನೆ ಮಾತ್ರ ಉಳಿಯಿತು.

ಸೇರುವ ಮುಂಚೆ ಫೋನಿನಲ್ಲಿ ಕೇಳಿ

ಪುಣೆ ಶೂಟಿಂಗಿಗೆ ಹೆಸರಾದ ಊರು. ಬಾಲೇವಾಡಿಯ ಕ್ರೀಡಾ ಸಂಕುಲವಿದೆ, ಒಲಿಂಪಿಕ್ ಶೂಟರ್ ಗಗನ್ ನಾರಂಗ್ ಅವರ ಅಕಾಡೆಮಿ ಶುರುವಾದದ್ದೂ ಇಲ್ಲೇ. ಆದರೆ ಊರಲ್ಲಿ 'ಶೂಟಿಂಗ್ ಕ್ಲಾಸ್' ಅಂತ ಬೋರ್ಡು ಕಂಡರೆ ಅದು ಬಹುತೇಕ 10 ಮೀಟರಿನ ಏರ್ ರೈಫಲ್, ಏರ್ ಪಿಸ್ತೂಲಿನದು. ಅದು ಬೇರೆಯೇ ವಿದ್ಯೆ. ಅಲ್ಲಿ ಗುರಿ ಅಲ್ಲಾಡುವುದಿಲ್ಲ, ನೀವೂ ಅಲ್ಲಾಡಬಾರದು. ಇಲ್ಲಿ ಹಕ್ಕಿಯೂ (ಬಿಲ್ಲೆಗೆ ಇಲ್ಲಿ ಹಕ್ಕಿ ಅಂತಲೇ ಹೆಸರು) ಓಡುತ್ತದೆ, ನಿಮ್ಮ ಬಂದೂಕೂ ಓಡಬೇಕು. ಚರೆ 200 ಮೀಟರಿನ ಆಸುಪಾಸು ಹೋಗಿ ಬೀಳುವುದರಿಂದ ಶಾಟ್‌ಗನ್ (ಚರೆ ಹಾರಿಸುವ ಬಂದೂಕು) ರೇಂಜಿಗೆ ಮುಂದೆ ದೊಡ್ಡ ಬಯಲು ಖಾಲಿ ಬಿಟ್ಟಿರಬೇಕು. ಅಂಥದ್ದು ಊರ ನಡುವೆ ಸಿಗುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು ಹೆದ್ದಾರಿ ಹಿಡಿಯಲು ತಯಾರಿರಿ. ಇನ್ನೂ ಮುಂದೆ ಹೋಗುವ ಮನಸ್ಸಿದ್ದವರು ಹೈದರಾಬಾದಿನ ಗಚ್ಚಿಬೌಲಿ, ಜೈಪುರದ ಜಗತ್‌ಪುರ, ದಿಲ್ಲಿಯ ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ರೇಂಜುಗಳ ಕಡೆ ನೋಡುತ್ತಾರೆ.

ಕೇಳಬೇಕಾದ್ದರಲ್ಲಿ ಮೊದಲನೆಯದು ಫೀಸಲ್ಲ, ತೋಟಾ. "ಒಬ್ಬರಿಗೆ ದಿನಕ್ಕೆ ಎಷ್ಟು ಈಡು?" ಅಂತ ಕೇಳಿ. ನಾನು ಕೇಳಲಿಲ್ಲ. ಫೀಸು ಕಡಿಮೆ ಅಂತ ಕಟ್ಟಿಬಿಟ್ಟೆ. ಹೋದ ಮೇಲೆ ಗೊತ್ತಾಯಿತು, ಅದರಲ್ಲಿ ದಿನಕ್ಕೆ ಹತ್ತು ತೋಟಾ ಮಾತ್ರ, ಉಳಿದದ್ದಕ್ಕೆ ಬೇರೆ ದುಡ್ಡು, ಬಿಲ್ಲೆಗೂ ಬೇರೆ. ಹೊಸಬರಿಗೆ ದಿನಕ್ಕೆ 25 ಈಡಾದರೂ ಬೇಕು. ಐವತ್ತು ದಾಟಿದರೆ ಭುಜ, ತಲೆ ಎರಡೂ ದಣಿದು ಹೊಡೆದದ್ದು ದಂಡ.

ಎರಡನೆಯದು, ಒಬ್ಬ ಉಸ್ತಾದರಿಗೆ ಎಷ್ಟು ಜನ? ಸೈನ್ಯದಿಂದ ನಿವೃತ್ತರಾದವರು ಕಲಿಸುವ ಕಡೆ ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಬೇಡ ಅನ್ನಿ. ನೀವು ಎಲ್ಲಿ ತಪ್ಪಿದಿರಿ ಅನ್ನುವುದು ನಿಮ್ಮ ಬೆನ್ನ ಹಿಂದೆ ನಿಂತವರಿಗೆ ಮಾತ್ರ ಕಾಣುತ್ತದೆ. ಅವರು ಫೋನಿನಲ್ಲಿದ್ದರೆ ನಿಮ್ಮ ತೋಟಾ ಹೋದ ಹಾಗೆಯೇ ಲೆಕ್ಕ.

ಮೂರನೆಯದು ಬಂದೂಕಿನ ಅಳತೆ. ರೇಂಜಿನ ಬಂದೂಕು ಹೆಚ್ಚಾಗಿ ಆರಡಿ ಆಳಿಗೆ ಮಾಡಿದ್ದು. ಗಿಡ್ಡಗಿರುವವರು, ಹೆಣ್ಣುಮಕ್ಕಳು, ಎಡಚರು "ನನಗೆ ಹೊಂದುವ ಬಟ್ ಇದೆಯಾ?" ಅಂತ ಮೊದಲೇ ಕೇಳಿ (ಬಟ್ ಅಂದರೆ ಬಂದೂಕಿನ ಭುಜಕ್ಕೆ ಒತ್ತುವ ಹಿಂಭಾಗ). ನನ್ನ ಎತ್ತರ ಐದಡಿ ಐದು. ಮೊದಲ ದಿನ ಕೊಟ್ಟ ಬಂದೂಕಿನ ಬಟ್ ಉದ್ದವಾಗಿ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂತಿತು. ಸಂಜೆಗೆ ಅಲ್ಲಿ ನೇರಳೆ ಹಣ್ಣಿನ ಬಣ್ಣ. ಎರಡನೇ ದಿನ ಕೇಳಿದಾಗ, ಬಟ್‌ನ ಹಿಂದಿನ ದಪ್ಪ ರಬ್ಬರಿನ ಬದಲು ತೆಳುವಾದದ್ದನ್ನು ಐದೇ ನಿಮಿಷದಲ್ಲಿ ಹಾಕಿ ಕೊಟ್ಟರು! ಕೇಳುವತನಕ ಯಾರೂ ಹೇಳಿರಲಿಲ್ಲ.

ಇನ್ನು ಪರವಾನಗಿ. ರೇಂಜಿನ ಬಂದೂಕು, ರೇಂಜಿನ ತೋಟಾ, ಅವರ ಕಣ್ಣೆದುರಿಗೆ, ಹೀಗೆ ಕಲಿಯಲು ನಿಮ್ಮದೇ ಪರವಾನಗಿ ಕೇಳುವುದಿಲ್ಲ. ಗುರುತಿನ ಚೀಟಿ, ಫೋಟೊ ಒಯ್ಯಿರಿ. ಮುಂದೆ ಸ್ವಂತ ಬಂದೂಕಿನ ಆಸೆ ಇದ್ದರೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಿ: "ಎಸ್-1 ಕೊಡ್ತೀರಾ?" 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿಗೆ ಅರ್ಜಿ ಹಾಕುವವರು ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ಕೊಡಬೇಕು, ಆ ನಮೂನೆಯ ಹೆಸರೇ ಎಸ್-1. ವಾರಾಂತ್ಯದ ಎಲ್ಲ ಕೋರ್ಸಿನಲ್ಲೂ ಅದು ಸಿಗುತ್ತದೆ ಅಂದುಕೊಳ್ಳಬೇಡಿ.

ಹೋಗುವ ಮುಂಚೆ ಮನೆಯಲ್ಲಿ ಎರಡು ವಾರ

ಕೋರ್ಸಿನ ಅರ್ಧ ದುಡ್ಡು ಉಳಿಯುವುದು ಇಲ್ಲಿ.

ಮೊದಲು ನಿಮ್ಮ ಆಳುವ ಕಣ್ಣು, ಅಂದರೆ ಗುರಿ ನೋಡುವಾಗ ಮೆದುಳು ನೆಚ್ಚುವ ಕಣ್ಣು, ಯಾವುದು ನೋಡಿ. ಎರಡೂ ಕೈ ಮುಂದೆ ಚಾಚಿ, ಅಂಗೈ ಆಚೆಗೆ ಮಾಡಿ, ಹೆಬ್ಬೆರಳು-ತೋರುಬೆರಳುಗಳ ನಡುವೆ ಸಣ್ಣ ತ್ರಿಕೋನ ಬಿಡಿ. ಆ ಕಿಂಡಿಯಲ್ಲಿ ಎದುರು ಗೋಡೆಯ ಸ್ವಿಚ್ಚು ಕಾಣಲಿ, ಎರಡೂ ಕಣ್ಣು ತೆರೆದಿರಲಿ. ಈಗ ಎಡಗಣ್ಣು ಮುಚ್ಚಿ. ಸ್ವಿಚ್ಚು ಕಿಂಡಿಯಲ್ಲೇ ಇದ್ದರೆ ನಿಮ್ಮದು ಬಲಗಣ್ಣಿನ ದರಬಾರು. ಸ್ವಿಚ್ಚು ಜಿಗಿದು ಆಚೆ ಹೋದರೆ ಎಡಗಣ್ಣಿನದು. ಮೂರ್ನಾಲ್ಕು ಸಲ ಮಾಡಿ ನೋಡಿ.

ಇದಕ್ಯಾಕೆ ಇಷ್ಟು ಮಹತ್ವ ಅಂದರೆ, ಶಾಟ್‌ಗನ್ನಿಗೆ ಹಿಂಬದಿಯ ಗುರಿಕಟ್ಟು ಇಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ, ಅಷ್ಟೇ. ಹಿಂಬದಿಯ ಗುರಿ ನಿಮ್ಮ ಕಣ್ಣೇ. ಬಲಗೈಯವರಿಗೆ ಎಡಗಣ್ಣು ಆಳುತ್ತಿದ್ದರೆ ನಳಿಗೆ ಒಂದು ಕಡೆ, ನೋಟ ಇನ್ನೊಂದು ಕಡೆ. ನಮ್ಮ ಗುಂಪಿನ ಒಬ್ಬಾಕೆ, ಧಾರವಾಡದವಳು, ಎರಡು ದಿನ ಒಂದೂ ಹೊಡೆಯದೆ ಅಳುವ ಹಂತಕ್ಕೆ ಬಂದಿದ್ದಳು. ಕೊನೆಗೆ ಉಸ್ತಾದ್ ಅವಳ ಕನ್ನಡಕದ ಎಡ ಗಾಜಿನ ಮೇಲೆ, ಪಾಪೆಗೆ ಎದುರಾಗಿ, ಕಡಲೆಕಾಳಿನಷ್ಟು ಮಸುಕು ಟೇಪು ಅಂಟಿಸಿದರು. ಮುಂದಿನ ಐದರಲ್ಲಿ ಮೂರು ಪುಡಿ. ಈ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಆಗಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ, ನೀವೇ ಮಾಡಿಕೊಂಡು ಹೋಗಿ.

ಆಮೇಲೆ ಬಂದೂಕು ಏರಿಸುವ ಅಭ್ಯಾಸ. ಬಂದೂಕು ಎಲ್ಲಿಂದ ಬರಬೇಕು? ಕಸಬರಿಗೆಯ ಕೋಲು ಸಾಕು. ಅದರ ತುದಿಗೆ ಸಣ್ಣ ಟಾರ್ಚು ಕಟ್ಟಿ. ರಾತ್ರಿ ದೀಪ ಆರಿಸಿ, ಗೋಡೆಗೂ ಮಾಳಿಗೆಗೂ ಸೇರುವ ಗೆರೆಯ ಮೇಲೆ ಬೆಳಕನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನಕ್ಕೆ ಓಡಿಸಿ. ಬೆಳಕು ಗೆರೆ ಬಿಟ್ಟು ಏರಿಳಿದರೆ ನೀವು ತೋಳಿನಿಂದ ತಿರುಗಿಸುತ್ತಿದ್ದೀರಿ. ಸೊಂಟದಿಂದ ತಿರುಗಿದರೆ ಬೆಳಕು ಗೆರೆಯ ಮೇಲೇ ಓಡುತ್ತದೆ. ದಿನಕ್ಕೆ ಹತ್ತು ನಿಮಿಷ. ಪರದೆ ಮಾತ್ರ ಎಳೆದುಕೊಳ್ಳಿ. ನಾನು ಎಳೆದುಕೊಳ್ಳಲಿಲ್ಲ, ಮೂರನೇ ದಿನ ಸೊಸೈಟಿಯ ವಾಚ್‌ಮನ್ ಮೇಲೆ ಬಂದು "ಸಾಹೇಬ, ಸಗಳ ಠೀಕ್ ಆಹೇ ನಾ?" (ಎಲ್ಲ ಸರಿ ಇದೆಯಲ್ಲ?) ಅಂತ ವಿಚಾರಿಸಿಕೊಂಡು ಹೋದ.

ಬಂದೂಕಿನ ತೂಕ ಸುಮಾರು ಮೂರೂವರೆ ಕಿಲೋ. ಎತ್ತುವುದು ಕಷ್ಟವಲ್ಲ, ಚಾಚಿ ಹಿಡಿಯುವುದು ಕಷ್ಟ. ನೀರು ತುಂಬಿದ ಎರಡು ಲೀಟರಿನ ಬಾಟಲಿಯನ್ನು ಎಡಗೈಯಲ್ಲಿ ಮುಂದೆ ಚಾಚಿ ಒಂದು ನಿಮಿಷ ನಿಂತು ನೋಡಿ, ಗೊತ್ತಾಗುತ್ತದೆ.

ಬಟ್ಟೆ, ಕಿವಿ, ಕಣ್ಣು

ಅಂಚಿರುವ ಟೋಪಿ. ಮುಚ್ಚಿದ ಬೂಟು. ಭುಜದ ಮೇಲೆ ಗುಂಡಿ, ಪಟ್ಟಿ, ದಪ್ಪ ಹೊಲಿಗೆ ಇಲ್ಲದ ಅಂಗಿ. ದುಪಟ್ಟಾ ಬೇಡ, ಕೂದಲು ಕಟ್ಟಿರಲಿ, ಕತ್ತಿನ ಸರ ಅಂಗಿಯೊಳಗಿರಲಿ. ಒಡೆದ ಬಿಲ್ಲೆಯ ಚೂರು ಗಾಳಿಗೆ ಹಿಂದಕ್ಕೂ ಬರುವುದುಂಟು, ಆದ್ದರಿಂದ ಕನ್ನಡಕ ಕಡ್ಡಾಯ.

ಕಿವಿಯ ವಿಷಯದಲ್ಲಿ ಜುಗ್ಗತನ ಬೇಡ. ಶಾಟ್‌ಗನ್ನಿನ ಸದ್ದು 150 ಡೆಸಿಬೆಲ್ ದಾಟುತ್ತದೆ, ಒಂದೇ ಈಡಿಗೆ ಕಿವಿ ಹಾಳಾಗಬಹುದಾದ ಮಟ್ಟ. ಹತ್ತಿ ತುರುಕಿಕೊಂಡರೆ ಏನೂ ಉಪಯೋಗವಿಲ್ಲ. ಒಳಗೆ ಫೋಮಿನ ಬಿರಡೆ, ಮೇಲೆ ಇಯರ್ ಮಫ್, ಎರಡೂ ಹಾಕಿ. ಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಬಿಟ್ಟು, ಉಬ್ಬುವತನಕ ಒತ್ತಿ ಹಿಡಿಯಿರಿ.

ಕಾಲದ ಲೆಕ್ಕ ಸುಲಭ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಸಹ್ಯಾದ್ರಿಯ ಮಗ್ಗುಲಿನ ಮಳೆಗಾಲದಲ್ಲಿ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಮೇ ತಿಂಗಳಲ್ಲಿ ಪಿಚ್ಚು ಮೆತ್ತಗಾಗಿ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಮೊದಲ ಬೆಳಗು: ಹೊಡೆಯುವುದಕ್ಕಿಂತ ಮೊದಲು

ನಮ್ಮ ಉಸ್ತಾದ್ ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿದ್ದವರು. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. ಮೊದಲ ಒಂದೂವರೆ ತಾಸು ಅವರು ಯಾರಿಗೂ ತೋಟಾ ಮುಟ್ಟಿಸಲಿಲ್ಲ.

ಇಲ್ಲಿ ಬಳಸುವುದು ಒಂದರ ಮೇಲೊಂದು ನಳಿಗೆ ಇರುವ ಜೋಡುನಳಿಗೆ, 12 ಬೋರ್. ಆ ನಳಿಗೆಗೆ ಸರಿಯಾಗಿ ಹೊಂದುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತದೆ, ಅದೇ 12ರ ಅರ್ಥ. ಹಾಗಾಗಿ 20 ಬೋರ್ ಅಂದರೆ ದೊಡ್ಡದಲ್ಲ, ಸಣ್ಣದು. ಈ ಉಲ್ಟಾ ಲೆಕ್ಕ ಜೀವಕ್ಕೆ ಸಂಬಂಧಿಸಿದ್ದು. 20 ಬೋರಿನ ತೋಟಾ ತಪ್ಪಿ 12ರ ನಳಿಗೆಗೆ ಹೋದರೆ ಕೆಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಖಾಲಿ ಅಂದುಕೊಂಡು ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಅದಕ್ಕೇ 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುತ್ತಾರೆ. ಜೇಬಿನಲ್ಲಿ ಎರಡು ಬಣ್ಣ ಎಂದೂ ಸೇರಬಾರದು.

ಉಳಿದ ನಿಯಮಗಳು ಕೆಲವೇ. ಹೊಡೆಯುವ ಜಾಗದಲ್ಲಿ ನಿಂತು ನಿಮ್ಮ ಸರದಿ ಬರುವವರೆಗೆ ಬಂದೂಕು ನಡುವಿನ ಕೀಲಿನಲ್ಲಿ ಮಡಚಿ ತೆರೆದೇ ಇರಬೇಕು. ಹತ್ತು ಹೆಜ್ಜೆ ದೂರದಲ್ಲಿ ನಿಂತವರಿಗೂ ನಿಮ್ಮ ನಳಿಗೆಯ ಒಳಗೆ ಬೆಳಕು ಕಾಣಬೇಕು. ಮುಚ್ಚಿದ ಬಂದೂಕು ಹಿಡಿದು ತಿರುಗಿದರೆ, ಅದು ಖಾಲಿ ಇದ್ದರೂ, ಅವತ್ತಿಗೆ ನಿಮ್ಮ ಆಟ ಮುಗಿಯಿತು. ಮೊದಲ ದಿನವೇ ಒಬ್ಬ ಸೆಲ್ಫಿಗೆಂದು ಬಂದೂಕು ಮುಚ್ಚಿ ಹೆಗಲ ಮೇಲಿಟ್ಟ. ಉಸ್ತಾದ್ ಬೈಯಲಿಲ್ಲ, ಹತ್ತಿರ ಹೋಗಿ ಬಂದೂಕು ತೆಗೆದುಕೊಂಡು "ಚಹಾ ಕುಡೀರಿ, ನಾಳೆ ಬರ್ರಿ" ಅಂದರು. ಒತ್ತಿದರೂ ಈಡು ಹಾರದಿದ್ದರೆ ತೆರೆದು ನೋಡುವ ಆತುರ ಬೇಡ. ನಳಿಗೆ ಮುಂದಕ್ಕೇ ಇಟ್ಟು ಕೈ ಎತ್ತಿ ನಿಲ್ಲಿ. ಅರ್ಧ ನಿಮಿಷ ಕಳೆದ ಮೇಲೆ ಉಸ್ತಾದರೇ ಬಂದು ತೆರೆಯುತ್ತಾರೆ. ತಡವಾಗಿ ಹೊತ್ತಿಕೊಳ್ಳುವ ತೋಟಾ ಇರುತ್ತವೆ.

ಕೆನ್ನೆ ಮೊದಲು, ಭುಜ ಆಮೇಲೆ

ಬಲಗೈಯವರಿಗೆ ಎಡಗಾಲು ಮುಂದೆ, ಹಕ್ಕಿ ಒಡೆಯಬೇಕಾದ ಕಡೆಗೆ. ಪಾದಗಳ ನಡುವೆ ಭುಜದಗಲಕ್ಕಿಂತ ಕಡಿಮೆ ಅಂತರ. ಮೈಭಾರ ಮುಂದಿನ ಕಾಲಿಗೆ ಸ್ವಲ್ಪ ಜಾಸ್ತಿ. ಹೊಸಬರೆಲ್ಲ ಬಂದೂಕಿಗೆ ಹೆದರಿ ಹಿಂದಕ್ಕೆ ವಾಲುತ್ತಾರೆ, ನೀರಿನ ಕೊಡ ಹೊತ್ತವರ ಹಾಗೆ. ವಾಲಿದವರನ್ನೇ ಬಂದೂಕು ತಳ್ಳುತ್ತದೆ.

ಬಂದೂಕನ್ನು ಭುಜಕ್ಕೆ ಒತ್ತಿ ಆಮೇಲೆ ತಲೆ ಬಗ್ಗಿಸಬಾರದು. ತಲೆ ನೆಟ್ಟಗಿರಲಿ, ಬಂದೂಕೇ ಕೆನ್ನೆಗೆ ಬರಲಿ. ಕೆನ್ನೆಯ ಮೂಳೆಯ ಕೆಳಗೆ ಅದು ಕೂತ ಕ್ಷಣಕ್ಕೆ ಭುಜವನ್ನು ಮುಂದೆ ತಂದರೆ ಬಟ್ ತಾನಾಗಿ ಗುಳಿಯಲ್ಲಿ ಕೂರುತ್ತದೆ. ಸರಿಯಾಗಿ ಕೂತಿದೆಯೋ ಅಂತ ತಿಳಿಯಲು ನಮ್ಮ ಉಸ್ತಾದರ ಉಪಾಯ ಚೆನ್ನಾಗಿತ್ತು: ಕಣ್ಣು ಮುಚ್ಚಿಸಿ ಬಂದೂಕು ಏರಿಸಲು ಹೇಳುತ್ತಿದ್ದರು, ಏರಿದ ಮೇಲೆ ಕಣ್ಣು ತೆರೆಸುತ್ತಿದ್ದರು. ಆಗ ಮಣಿ ನಳಿಗೆಯ ನಡುಮಧ್ಯೆ ಕಂಡರೆ ಸರಿ. ಎಡಕ್ಕೋ ಬಲಕ್ಕೋ ಕಂಡರೆ ಇಳಿಸಿ ಮತ್ತೆ. ನನ್ನನ್ನು ಇಪ್ಪತ್ತು ಸಲ ಏರಿಳಿಸಿದರು. ಇಪ್ಪತ್ತೊಂದನೆಯ ಸಲಕ್ಕೆ ಮಣಿ ನಡುವೆ ಬಂತು.

ಆಮೇಲೆ ಒಂದು ದೊಡ್ಡ ಹಾಳೆಗೆ ಹೊಡೆಸುತ್ತಾರೆ. ಇದನ್ನು ಬಿಡಬೇಡಿ, ಸಮಯ ಇಲ್ಲ ಅಂದರೂ ಕೇಳಿ ಮಾಡಿಸಿಕೊಳ್ಳಿ. ಸ್ಪರ್ಧೆಯ ತೋಟಾದಲ್ಲಿ 24 ಗ್ರಾಂ ಚರೆ, ಒಂದೊಂದೂ ಎರಡೂವರೆ ಮಿಲಿಮೀಟರಿಗಿಂತ ಸ್ವಲ್ಪ ಸಣ್ಣದು, ಹೆಚ್ಚುಕಡಿಮೆ ಮುನ್ನೂರು. ಹಾಳೆಯಲ್ಲಿ ಅದು ಸಾಸಿವೆ ಸಿಡಿದ ಗೋಡೆಯ ಹಾಗೆ ಹರಡಿರುವುದನ್ನು ನೋಡಿದರೆ, ಗುಂಡು ಅನ್ನುವ ಕಲ್ಪನೆ ತಲೆಯಿಂದ ಹೋಗಿ ಮೋಡ ಅನ್ನುವ ಕಲ್ಪನೆ ಬರುತ್ತದೆ. ಸೂಜಿಗೆ ದಾರ ಪೋಣಿಸುವ ಕೆಲಸ ಇದಲ್ಲ.

ಈಗ ಕೂಗಿ

ಮೊದಲು ಬರುವುದು ನೇರ ಎದುರಿಗೆ ಏರುತ್ತಾ ದೂರ ಹೋಗುವ ಹಕ್ಕಿ. ನಳಿಗೆಯನ್ನು ಯಂತ್ರ ಇರುವ ಗುಂಡಿಯ ಅಂಚಿನ ಮೇಲಿಡಿ. ಕಣ್ಣು ಅಲ್ಲಿ ಇರಬಾರದು, ನಳಿಗೆಯ ಆಚೆ, ಹಕ್ಕಿ ಮೊದಲು ಕಾಣುವ ಗಾಳಿಯಲ್ಲಿ ಸಡಿಲವಾಗಿ ಇರಲಿ. ಉಸಿರು ಅರ್ಧ ಬಿಟ್ಟು ಕೂಗಿ.

ಏನಂತ ಕೂಗಬೇಕು? ಎಲ್ಲರೂ ಪುಲ್ ಅನ್ನುತ್ತಾರೆ. ದೊಡ್ಡ ರೇಂಜುಗಳಲ್ಲಿ ಎದುರಿಗೆ ಮೈಕ್ ಇರುತ್ತದೆ, ಸದ್ದು ಕೇಳಿದರೆ ಯಂತ್ರ ಹಕ್ಕಿ ಬಿಡುತ್ತದೆ, ಅದಕ್ಕೆ ಭಾಷೆ ಗೊತ್ತಿಲ್ಲ. ಅನುಭವಿಗಳು "ಹಪ್", "ಹೋ" ಅಂತ ಏನೇನೋ ಕೂಗುತ್ತಾರೆ. ನಾನು ಪುಲ್ ಅಂದಾಗಲೆಲ್ಲ ತುಟಿ ಉಬ್ಬಿ ಕೆನ್ನೆ ಬಟ್ಟಿನಿಂದ ಏಳುತ್ತಿತ್ತು. ಉಸ್ತಾದ್ ಗಮನಿಸಿ, "ನಿಮ್ಮ ಮಾತಿನ್ಯಾಗ ಏನರ ಸಣ್ಣದು ಹೇಳ್ರಿ" ಅಂದರು. ಅವತ್ತಿನಿಂದ ನಾನು "ಬಿಡು" ಅನ್ನುತ್ತೇನೆ. ಪಕ್ಕದ ಸಾಲಿನ ಮರಾಠಿ ಹುಡುಗರಿಗೆ ಮೊದಮೊದಲು ನಗು ಬರುತ್ತಿತ್ತು.

ಹಕ್ಕಿ ಹಾರಿದ ಕೂಡಲೇ ನಳಿಗೆಯನ್ನು ಅದರ ಕೆಳಗಿನಿಂದ ಏರಿಸಿ. ನಳಿಗೆಯ ತುದಿ ಹಕ್ಕಿಯನ್ನು ಮರೆಮಾಡುತ್ತಿದ್ದ ಹಾಗೆ ಒತ್ತಿ. ಇದೆಲ್ಲ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಇನ್ನೂ ಚೆನ್ನಾಗಿ ಗುರಿ ಹಿಡಿಯೋಣ ಅಂತ ಕಾದರೆ ಹಕ್ಕಿ ದೂರ ಹೋಗುತ್ತದೆ, ಚರೆಯ ಮೋಡ ಚದುರುತ್ತದೆ.

ನನ್ನ ಆಫೀಸಿನ ಗೆಳೆಯನೊಬ್ಬ ಕೊಡಗಿನವನು. ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಒಡೆದು ಬಹುಮಾನ ತಂದವನು, ಚಿಕ್ಕಂದಿನಿಂದ ಕೋವಿ ಕಂಡವನು. ನನ್ನ ಜೊತೆಗೆ ಬಂದು ಮೊದಲ ಹತ್ತರಲ್ಲಿ ಒಂದೂ ಹೊಡೆಯಲಿಲ್ಲ. ತೆಂಗಿನಕಾಯಿ ಅಭ್ಯಾಸದಲ್ಲಿ ಅವನು ಪ್ರತಿ ಹಕ್ಕಿಗೂ ಮಣಿ ನೋಡುತ್ತಿದ್ದ. ಮಣಿ ನೋಡಿದ ಕ್ಷಣ ನಳಿಗೆ ನಿಲ್ಲುತ್ತದೆ, ನಳಿಗೆ ನಿಂತ ಕ್ಷಣ ಹಕ್ಕಿ ಹೋಗುತ್ತದೆ. ಬಂದೂಕು ಹಿಡಿದು ಗೊತ್ತಿಲ್ಲದ ಅವನ ಹೆಂಡತಿ ಅದೇ ಬೆಳಿಗ್ಗೆ ನಾಲ್ಕು ಒಡೆದಳು.

ಅಡ್ಡ ಹಾರುವ ಹಕ್ಕಿ

ಕೋರ್ಸಿನ ತಿರುಳು ಇದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಚರೆ ನಳಿಗೆ ಬಿಡುವಾಗ ಸೆಕೆಂಡಿಗೆ 400 ಮೀಟರಿನಷ್ಟು ವೇಗ, ಆದರೆ ಗಾಳಿ ಅದನ್ನು ಬೇಗ ತಗ್ಗಿಸುತ್ತದೆ. 30 ಮೀಟರ್ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಸೆಕೆಂಡಿಗೆ 25 ಮೀಟರಿನಂತೆ ಅಡ್ಡ ಹಾರುವ ಹಕ್ಕಿ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಹಕ್ಕಿಗೆ ಹೊಡೆದರೆ ಹಕ್ಕಿಗೆ ತಾಗುವುದಿಲ್ಲ, ಅದು ಹೋಗುವ ಜಾಗಕ್ಕೆ ಹೊಡೆಯಬೇಕು.

ಹಾಗಂತ ಎರಡೂವರೆ ಮೀಟರ್ ಅಳೆದು ಹೊಡೆಯಲು ಹೋದರೆ ಕೆಟ್ಟಿರಿ, ಅಳೆಯಲು ಕಣ್ಣು ಹಕ್ಕಿ ಬಿಟ್ಟು ನಳಿಗೆಗೆ ಬರುತ್ತದೆ. ಹೊಸಬರಿಗೆ ಹೊಂದುವ ದಾರಿ ಇದು: ಹಕ್ಕಿಯ ಹಿಂದಿನಿಂದ ಶುರು ಮಾಡಿ, ಅದಕ್ಕಿಂತ ಜೋರಾಗಿ ನಳಿಗೆ ಓಡಿಸಿ, ಹಕ್ಕಿಯನ್ನು ಹಾದು ಮುಂದೆ ಹೋಗುತ್ತಿರುವಾಗಲೇ ಒತ್ತಿ, ಒತ್ತಿದ ಮೇಲೂ ಓಡಿಸುತ್ತಲೇ ಇರಿ. ನಳಿಗೆಯ ಓಟದಲ್ಲೇ ಮುಂಗಡ ತಾನಾಗಿ ಸೇರಿಕೊಳ್ಳುತ್ತದೆ. ಕುಂಚದಿಂದ ಬಾಲ, ಹೊಟ್ಟೆ, ಕೊಕ್ಕು ಅಂತ ಒಂದೇ ಎಳೆತದಲ್ಲಿ ಸವರಿಕೊಂಡು ಹೋದ ಹಾಗೆ.

ನನಗೆ ಇದು ಅರ್ಥವಾದದ್ದು ಚಿಣ್ಣಿದಾಂಡಿನಿಂದ. ಗಾಳಿಯಲ್ಲಿ ಬರುವ ಚಿಣ್ಣಿಯನ್ನು ಹಿಡಿಯಲು ಓಡುವ ಹುಡುಗ ತನ್ನ ಕೈ ಎಲ್ಲಿದೆ ಅಂತ ನೋಡುತ್ತಾನೆಯೇ? ಚಿಣ್ಣಿಯನ್ನೇ ನೋಡುತ್ತಾನೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಾಲ್ಕನೇ ಬೆಳಗು ಉಸ್ತಾದರು ನನ್ನ ಬಂದೂಕಿನ ಮಣಿಯ ಮೇಲೆ ಕಪ್ಪು ಟೇಪು ಸುತ್ತಿಬಿಟ್ಟರು. "ಈಗ ನೋಡ್ರಿ ಏನ್ ನೋಡ್ತೀರಿ." ನೋಡಲು ಹಕ್ಕಿಯ ಹೊರತು ಏನೂ ಉಳಿಯಲಿಲ್ಲ. ಕಿತ್ತಳೆ ಬಿಲ್ಲೆಯ ಸುತ್ತಿನ ಉಂಗುರದಂಥ ಏಣು ಕೂಡ ಅವತ್ತು ಮೊದಲ ಸಲ ಕಂಡಿತು. ಆ ಸುತ್ತಿನಲ್ಲಿ 25ಕ್ಕೆ 11.

ತಪ್ಪಿದ್ದರ ಲೆಕ್ಕ

ಮೊದಲ ಸುತ್ತಿನಲ್ಲಿ ನಾನು ಹೊಡೆದದ್ದು 25ಕ್ಕೆ 3. ಕೊನೆಯದರಲ್ಲಿ 14. ಒಲಿಂಪಿಕ್ ಟ್ರ್ಯಾಪ್‌ನವರು (ದೂರ ಓಡುವ ಹಕ್ಕಿ ಹೊಡೆಯುವ ಸ್ಪರ್ಧೆ ಅದು) 125 ಹಕ್ಕಿಗೆ ನಾಲ್ಕೈದು ಬಿಟ್ಟರೂ ಹಣೆ ಚಚ್ಚಿಕೊಳ್ಳುತ್ತಾರೆ. ಅಲ್ಲಿ ಐದು ನಿಲುಗಡೆ, 15 ಮೀಟರ್ ಮುಂದೆ ಗುಂಡಿಯೊಳಗೆ 15 ಯಂತ್ರ, ನಿಮ್ಮೆದುರಿನ ಮೂರರಲ್ಲಿ ಯಾವುದು ಬಿಡುತ್ತದೆ ಅಂತ ಗೊತ್ತಿಲ್ಲ. ಆ ಅಂಕಿಗೆ ನಮ್ಮದನ್ನು ಹೋಲಿಸಬೇಡಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ಹೊಡೆದದ್ದನ್ನಲ್ಲ, ತಪ್ಪಿದ್ದನ್ನು ಬರೆಯಿರಿ: ಎಡಕ್ಕೆ ಹೋದದ್ದೋ ಬಲಕ್ಕೋ, ಉಸ್ತಾದ್ ಏನಂದರು. ಅನುಭವಿ ಕಣ್ಣಿಗೆ ಚರೆಯ ಮೋಡ ಗಾಳಿಯಲ್ಲಿ ಕಾಣುತ್ತದೆ, "ಹಿಂದ", "ಮ್ಯಾಲೆ" ಅಂತ ಒಂದೊಂದೇ ಪದ ಹೇಳುತ್ತಾರೆ. ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಜಾಸ್ತಿ 'ಹಿಂದ'. ಅದರ ಕಾರಣ ನಳಿಗೆ ನಿಲ್ಲಿಸಿದ್ದು. 'ಮ್ಯಾಲೆ' ಅಂದರೆ ಒಡೆಯಿತಾ ಅಂತ ನೋಡಲು ಕೆನ್ನೆ ಎತ್ತಿದ್ದು. ಕೆನ್ನೆಗೆ ಪೆಟ್ಟು ಬೀಳುವುದೂ ಆಗಲೇ. ಮೂರು ಸತತ ತಪ್ಪಿದರೆ ಬಂದೂಕು ಮಡಚಿ, ಹಿಂದೆ ಸರಿದು, ನೀರು ಕುಡಿಯಿರಿ. ಸಿಟ್ಟಿನಲ್ಲಿ ಹೊಡೆದ ನಾಲ್ಕನೆಯದು ಒಡೆದದ್ದನ್ನು ನಾನು ಕಂಡಿಲ್ಲ.

ಬುತ್ತಿ ಬಿಚ್ಚುವ ಮುಂಚೆ

ಚರೆ ಅಂದರೆ ಸೀಸ. ತೋಟಾ ಮುಟ್ಟಿದ, ಹೊಗೆ ಹಿಡಿದ ಕೈಯಲ್ಲಿ ರೊಟ್ಟಿ ಮುರಿಯಬೇಡಿ. ಸಾಬೂನು ಹಚ್ಚಿ ತೊಳೆಯಿರಿ, ಮುಖವನ್ನೂ ತೊಳೆಯಿರಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಿ. ಸಾಲಾಗಿ ನಿಂತು ಕೈ ತೊಳೆಯುವಾಗ ನಗುವವರು ಇರುತ್ತಾರೆ, ನಗಲಿ.

ಕೋರ್ಸು ಮುಗಿದ ಮೇಲೆ

ಬಂದೂಕು ಕೊಳ್ಳಲು ಓಡಬೇಡಿ. ಮೊದಲು ಟ್ರ್ಯಾಪೋ ಸ್ಕೀಟೋ ಅಂತ ಮನಸ್ಸು ಹೇಳಲಿ. ಟ್ರ್ಯಾಪ್‌ನಲ್ಲಿ ಹಕ್ಕಿ ನಿಮ್ಮಿಂದ ದೂರ ಓಡುತ್ತದೆ. ಸ್ಕೀಟ್‌ನಲ್ಲಿ ಎರಡು ಗೂಡುಗಳಿಂದ, ಒಂದು ಎತ್ತರದ್ದು ಒಂದು ತಗ್ಗಿನದು, ಎದುರೆದುರು ಅಡ್ಡ ಹಾರುತ್ತವೆ, ಹಕ್ಕಿ ಕಾಣುವವರೆಗೆ ಬಂದೂಕು ಸೊಂಟದ ಹತ್ತಿರವೇ ಇರಬೇಕು. ಎರಡಕ್ಕೂ ನಳಿಗೆ, ಚೋಕು (ನಳಿಗೆಯ ತುದಿಯ ಬಿಗಿತ), ಚರೆ ಎಲ್ಲ ಬೇರೆ. 2004ರ ಅಥೆನ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ (ಒಮ್ಮೆಗೇ ಎರಡು ಹಕ್ಕಿ ಹಾರುವುದು) ಈಗ ಒಲಿಂಪಿಕ್ಸ್‌ನಲ್ಲೇ ಇಲ್ಲ. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಒಂದೇ ಒಂದು ಹಕ್ಕಿಯಿಂದ ಕಂಚು ಕಳೆದುಕೊಂಡದ್ದು ಸ್ಕೀಟ್ ಮಿಶ್ರ ತಂಡದಲ್ಲಿ.

ನನ್ನ ಮಾತು ಕೇಳುವುದಾದರೆ ಮುಂದಿನ ಆರು ತಿಂಗಳು ರೇಂಜಿನ ಬಂದೂಕಿನಲ್ಲೇ, ತಿಂಗಳಿಗೆರಡು ಸಲ. ಆಮೇಲೂ ಹುಚ್ಚು ಬಿಡದಿದ್ದರೆ ರಾಜ್ಯದ ರೈಫಲ್ ಸಂಘದ ಸದಸ್ಯತ್ವ, ಎಸ್-1, ಪುಣೆ ನಗರದಲ್ಲಿದ್ದರೆ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ. ವಯಸ್ಸು 21 ತುಂಬಿರಬೇಕು. ಪರವಾನಗಿ ಬರುವವರೆಗೆ ತಾಳ್ಮೆಯೂ ತುಂಬಿರಬೇಕು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. ಪ್ರತಿ ಸಲ ರೇಂಜು ಬಿಡುವಾಗ ಎಲ್ಲ ಜೇಬು, ಬ್ಯಾಗಿನ ಎಲ್ಲ ಖಾನೆ ತಡಕಿ ನೋಡಿ. ಒಂದೇ ಒಂದು ಜೀವಂತ ತೋಟಾ ಮರೆತು ಮನೆಗೆ ಬಂದರೂ ಪರವಾನಗಿ ಇಲ್ಲದವರ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಲೋಹಗಾಂವ್ ವಿಮಾನ ನಿಲ್ದಾಣದ ಸ್ಕ್ಯಾನರಿಗೆ "ಮರೆತಿದ್ದೆ" ಅನ್ನುವುದು ಅರ್ಥವಾಗುವುದಿಲ್ಲ. ನೆನಪಿಗೆಂದು ಖಾಲಿ ಕೊಳವೆಯನ್ನೂ ತರಬೇಡಿ. ನಾನು ತಂದಿರಲಿಲ್ಲ ಅಂತಲೇ ಅಂದುಕೊಂಡಿದ್ದೆ. ಮೂರನೇ ಭಾನುವಾರ ರಾತ್ರಿ ವಾಷಿಂಗ್ ಮೆಷೀನಿನಲ್ಲಿ ಏನೋ ಲಟಲಟ ಸದ್ದು, ಹೆಂಡತಿ ಕೈ ಹಾಕಿ ತೆಗೆದಳು: ಕೆಂಪು ಪ್ಲಾಸ್ಟಿಕ್, ಹಿತ್ತಾಳೆ ತಳ, ಖಾಲಿ. ಮರುವಾರ ಅದನ್ನು ಒಯ್ದು ಉಸ್ತಾದರ ಡಬ್ಬಿಗೆ ಹಾಕಿ ಬಂದೆ. ಈಗ ಗೇಟಿನ ಹತ್ತಿರ ನಿಂತು ಎಲ್ಲರೆದುರು ಜೇಬು ಹೊರಗೆಳೆದು ತೋರಿಸಿಯೇ ಕಾರು ಹತ್ತುತ್ತೇನೆ.